ಅಲುಗಾಡಬ್ಯಾಡ್ರಿ ಎಂದವರು

ಅವರು ಕ್ಯಾಮೆರಾದ ಗಾಜನ್ನು ಎಂಜಲು ಹಚ್ಚಿ ಒರೆಸುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವರು ತೀರಿಕೊಂಡ ಮೇಲೆ ವಾಡಿಯಲ್ಲಿ ಒಂದು ಸಣ್ಣ ಸಭೆ ನಡೆಯಿತು, ಐದಾರು ಜನ ಮಾತಾಡಿದರು, ಒಬ್ಬರೂ ಇದನ್ನು ಹೇಳಲಿಲ್ಲ. ಕಲಾವಿದರು ಎಂದರು. ನಮ್ಮೆಲ್ಲರ ಮನೆಯ ನೆನಪುಗಳನ್ನು ಕಾಪಾಡಿದವರು ಎಂದರು. ನಾನು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದೆ. ನೆನಪು ಕಾಪಾಡಿದವರು ಎಂಬ ಮಾತು ಕಿವಿಗೆ ಬಿದ್ದಾಗ ಎದ್ದು ಹೊರಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಅವರ ಹೆಂಡತಿ ಹೇಳಿ ಕಳಿಸಿದ್ದರು ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಹೋಗಿದ್ದೆ. ಯಾಕೆ ಹೇಳಿ ಕಳಿಸಿದ್ದರು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಹೆಸರು ಬರೆಯುವುದಿಲ್ಲ. ಆ ಹೆಂಗಸು ಒಳ್ಳೆಯವರು, ಅವರಿಗೆ ನೋವಾಗುವುದು ಬೇಡ. ಅಲ್ಲದೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ಆ ಕಾಲದಲ್ಲಿ ಮದುವೆಯಾದವರಿಗೆ ಹೆಸರಿನ ಅಗತ್ಯವೂ ಇಲ್ಲ. ಹೆಗಲ ಮೇಲೆ ದೊಡ್ಡ ಕ್ಯಾಮೆರಾ, ಕೊರಳಲ್ಲಿ ಕೆಂಪು ಟವೆಲ್, ಬಾಯಿಯ ಎಡಗಡೆ ತಂಬಾಕಿನ ಉಂಡೆ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಗಾಜಿನ ಮೇಲೆ ಒಂದು ಸುತ್ತು ತಿರುಗಿಸುವುದು, ಆಮೇಲೆ ಅದೇ ಟವೆಲ್ಲಿನಿಂದ ಒರೆಸುವುದು. ಆ ಟವೆಲ್ಲಿನಿಂದಲೇ ಕುತ್ತಿಗೆಯ ಬೆವರು, ಅದರಿಂದಲೇ ಊಟವಾದ ಮೇಲೆ ಕೈ. ಮದುಮಗಳ ಕೆನ್ನೆಯ ಮೇಲೆ ಅರಿಷಿಣ ಹೆಚ್ಚಾಗಿ ಕಂಡರೆ ಅದನ್ನೂ ಅದರಿಂದಲೇ ಒರೆಸಲು ಹೋಗುತ್ತಿದ್ದರು. ನನ್ನ ಕಣ್ಣೆದುರೇ ಒಬ್ಬ ಹುಡುಗಿ ಮುಖ ಹಿಂದಕ್ಕೆಳೆದುಕೊಂಡದ್ದನ್ನು ನೋಡಿದ್ದೇನೆ.

ತೊಂಬತ್ತರ ದಶಕದ ಮೊದಲಲ್ಲಿ ಅವರು ಕಲರ್ ಟಿವಿ, ವಿಸಿಆರ್ ಬಾಡಿಗೆಗೆ ಕೊಡುತ್ತಿದ್ದರು. ಆಮೇಲೆ ಕ್ಯಾಮೆರಾ ತಂದು ಮದುವೆ ಹಿಡಿಯತೊಡಗಿದರು. ಎರಡು ಸಾವಿರದ ಆಚೀಚೆ ಸೀಡಿ ಪ್ಲೇಯರು ಊರೂರಿಗೂ ಬಂದಾಗ ಹೈದರಾಬಾದಿಗೆ ಹೋಗಿ ಒಂದು ಕಂಪ್ಯೂಟರ್ ತಂದರು. ಕ್ಯಾಸೆಟ್ಟಿನ ಮದುವೆಯನ್ನು ಕಂಪ್ಯೂಟರಿಗೆ ಇಳಿಸಿ, ಒತ್ತಿ ಸಣ್ಣದು ಮಾಡಿ, ಸೀಡಿಗೆ ಹಾಕಿಕೊಡುವುದು ಅವರ ಹೊಸ ಕಸುಬು. ವಾಡಿ ಸ್ಟೇಷನ್ನಿನ ಹತ್ತಿರ, ಮೇಲೆ ಪರಸಿ ಕಲ್ಲಿನ ಚಪ್ಪಡಿ ಹೊದಿಸಿದ ಒಂದು ಕೋಣೆ. ಅದರ ಮೂಲೆಯಲ್ಲಿ ಉಗುಳಲೆಂದೇ ಮರಳು ತುಂಬಿದ ಡಬ್ಬಿ. ಗಿರಾಕಿಗೆ ಕುಂದ್ರಲು ಹಾಕಿದ ಸ್ಟೂಲು ಆ ಡಬ್ಬಿಯ ಪಕ್ಕದಲ್ಲೇ.

ಈ ಒತ್ತಿ ಸಣ್ಣದು ಮಾಡುವುದಿದೆಯಲ್ಲ, ಅದು ಅವರ ತಲೆಯನ್ನು ಹಿಡಿದುಕೊಂಡುಬಿಟ್ಟಿತು. ಮಾತೆತ್ತಿದರೆ ಒಂದೇ ಮಾತು. "ಅಲುಗಾಡೋದು ಜಾಗಾ ತಿಂತದ." ನಾನು ಸೇಡಂ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ನನ್ನನ್ನು ಕೂಡಿಸಿಕೊಂಡು ಒಮ್ಮೆ ವಿವರಿಸಿದರು. ಅಸಹ್ಯವಾಗುವಷ್ಟು ಚೆನ್ನಾಗಿ ವಿವರಿಸಿದರು.

"ಅಕ್ಕೋರೆ, ನೀವು ಹಾಜರಿ ಹ್ಯಾಂಗ ತಗೋತೀರಿ? ನಲವತ್ತು ಹುಡುಗರ ಹೆಸರು ದಿನಾ ಹೊಸದಾಗಿ ಬರೀತೀರೇನು? ಇಲ್ಲ. ಒಂದು ಸಲ ಬರದು, ಯಾರು ಬಂದಿಲ್ಲ ಅಷ್ಟೇ ಗುರುತು ಹಾಕ್ತೀರಿ. ಇದೂ ಹಂಗೇ. ಮೊದಲನೇ ಚಿತ್ರ ಪೂರಾ ಬರಕೊಂತದ. ಮುಂದಿನ ಚಿತ್ರದಾಗ ಏನು ಬದಲಾಗೇದ, ಅಷ್ಟೇ ಬರಕೊಂತದ. ಗ್ವಾಡಿ ಅಲುಗಾಡಂಗಿಲ್ಲ, ಅದಕ್ಕ ಖರ್ಚಿಲ್ಲ. ನಿಮ್ಮಂಥವರು ಕೈ ಬೀಸತೀರಿ ನೋಡ್ರಿ, ಅದಕ್ಕ ಜಾಗಾ ಬೇಕು. ಜಾಗಾ ಕಡಿಮಿ ಬಿತ್ತಂದ್ರ ಯಂತ್ರ ಏನು ಮಾಡ್ತದ? ಕೈ ಬಿಟ್ಟುಬಿಡ್ತದ. ಗ್ವಾಡಿ ಇಟ್ಟುಕೊಂತದ."

ಇಷ್ಟು ಹೇಳಿ ಡಬ್ಬಿಗೆ ಉಗುಳಿದರು. ಒಂದು ಹನಿ ನನ್ನ ಸೀರೆಯ ಅಂಚಿಗೆ ಬಿತ್ತು. ಅವರು ನೋಡಲಿಲ್ಲ, ಅಥವಾ ನೋಡಿಯೂ ನೋಡದ ಹಾಗೆ ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು.

ತಿಳಿದವರು ಇದಕ್ಕೆ ಏನು ಮಾಡುತ್ತಾರೆ? ತಕ್ಕ ಕೋಡೆಕ್ ಆರಿಸುತ್ತಾರೆ, ಅಂದರೆ ಒತ್ತುವ ಪದ್ಧತಿಯನ್ನೇ ಬದಲಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಮಾಡಿದ ಸೀಡಿ ಎಲ್ಲರ ಮನೆಯ ಪ್ಲೇಯರಿನಲ್ಲೂ ನಡೆಯುತ್ತದೆ, ಆದರೆ ಒಂದರಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಮಾತ್ರ ಹಿಡಿಯುತ್ತದೆ. ಹೊಸ ಪದ್ಧತಿಯಲ್ಲಿ ಮೂರು ಗಂಟೆ ಒಂದರಲ್ಲೇ ಕೂರುತ್ತದೆ, ಮುಖ ಮೂಗು ಸರಿಯಾಗಿಯೇ ಕಾಣುತ್ತವೆ, ಆದರೆ ಅದು ಕಂಪ್ಯೂಟರಿನಲ್ಲಿ ಇಲ್ಲವೆ ದುಬಾರಿ ಪ್ಲೇಯರಿನಲ್ಲಿ ಮಾತ್ರ ನಡೆಯುತ್ತದೆ. ಇದೆಲ್ಲ ಅವರಿಗೆ ಗೊತ್ತಿತ್ತು. ಸುತ್ತ ನಾಲ್ಕೂರಲ್ಲಿ ಅವರೊಬ್ಬರಿಗೇ ಗೊತ್ತಿತ್ತೋ ಏನೋ. ಆದರೆ ಗಿರಾಕಿಗಳು ಕೇಳಬೇಕಲ್ಲ. ಹಾಗಾಗಿ ಅವರು ಒತ್ತುವ ಪದ್ಧತಿಯನ್ನು ಬಿಟ್ಟು ಮದುವೆಯನ್ನೇ ಬದಲಿಸಲು ಹೊರಟರು.

ಅಂದರೆ ಜನರನ್ನು ನಿಲ್ಲಿಸಿಬಿಟ್ಟರು. ಹಂದರದಲ್ಲಿ ಅವರು ಕಾಲಿಟ್ಟ ಕೂಡಲೆ "ಅಲುಗಾಡಬ್ಯಾಡ್ರಿ" ಎಂಬ ಕೂಗು ಶುರು. ಕುರಕುಂಟಾದಲ್ಲಿ ಒಂದು ಮದುವೆ, ವೈಶಾಖದ ನಡುಹಗಲು. ಹಂದರದ ಬಟ್ಟೆ ಪಟಪಟ ಅನ್ನುತ್ತದೆ ಎಂದು ಫ್ಯಾನುಗಳನ್ನೆಲ್ಲ ಬಂದ್ ಮಾಡಿಸಿದರು. ನಮ್ಮ ಸೇಡಂ ತಾಲೂಕಿನ ಬಿಸಿಲು ಉಂಡವರಿಗೆ ಇದರ ಅರ್ಥ ಗೊತ್ತಾಗುತ್ತದೆ. ಮದುಮಗನ ಅಜ್ಜಿ ಕುರ್ಚಿಯಲ್ಲೇ ವಾಲಿದರು. ಅವರ ಬಾಯಿಗೆ ನೀರು ಬಿಡುತ್ತಿದ್ದರೆ ಈ ಮನುಷ್ಯ "ಅವರನ್ನ ಜರಾ ಆ ಕಡಿ ಒಯ್ರಿ, ಫ್ರೇಮಿನಾಗ ಬರ್ಲಿಕತ್ತಾರ" ಎಂದರು.

ಅಕ್ಷತೆಯೆಂದರೆ ಅವರಿಗೆ ವೈರಿ. ಇನ್ನೂರು ಜನ ಒಮ್ಮೆಲೇ ಅಕ್ಕಿ ಎರಚಿದರೆ ಸಾವಿರಾರು ಕಾಳು ಸಾವಿರಾರು ದಿಕ್ಕಿಗೆ ಹಾರುತ್ತವೆ. ಅಷ್ಟೂ ಅಲುಗಾಟವನ್ನು ಬರೆದುಕೊಳ್ಳಲಾಗದೆ ಯಂತ್ರ ಸೋಲುತ್ತದೆ, ಚಿತ್ರ ಚೌಕಳಿ ಲುಂಗಿಯ ಹಾಗಾಗುತ್ತದೆ. ನಮ್ಮ ಕಡೆಯ ಆ ಕಾಲದ ಯಾವ ಮದುವೆಯ ಸೀಡಿಯನ್ನಾದರೂ ಹಾಕಿ ನೋಡಿ, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಗಂಡು ಹೆಣ್ಣು ಇಬ್ಬರೂ ಚೌಕ ಚೌಕ. "ಎರಚಬ್ಯಾಡ್ರಿ, ತಲಿ ಮ್ಯಾಲ ಮೆಲ್ಲಕ ಇಡ್ರಿ" ಎಂದು ಅವರು ಒಮ್ಮೆ ಅಡ್ಡಗೈ ಮಾಡಿದಾಗ ಮಂತ್ರ ಹೇಳುತ್ತಿದ್ದ ಆಚಾರ್ಯರು ನಿಲ್ಲಿಸಿ, "ಇದು ಆಶೀರ್ವಾದ, ಭತ್ತದ ನಾಟಿ ಅಲ್ಲ" ಎಂದರು. ಎಲ್ಲರೂ ನಕ್ಕರು. ಅವರಿಗೆ ನಾಚಿಕೆ ಎಲ್ಲಿಂದ ಬರಬೇಕು.

ಸೇಡಂನಲ್ಲಿ ಸಿಮೆಂಟು ಕಾರ್ಖಾನೆಯ ಧೂಳೂ ಜಾಗ ತಿನ್ನುತ್ತದೆ ಎಂದು ಅಂಗಳಕ್ಕೆ ಎರಡೆರಡು ಸಲ ನೀರು ಹೊಡೆಸಿ ಮದುಮಗನ ಧೋತರವನ್ನು ರಾಡಿ ಮಾಡಿಸಿದರು. ಚಿಂಚೋಳಿ ಕಡೆಯ ತಾಂಡಾದ ಮದುವೆಗೆ ಹೋದವರು, ಹೆಂಗಸರು ಕನ್ನಡಿ ಹೊಲಿದ ಲಂಗ ತೊಟ್ಟು ಗುಂಡಾಗಿ ಕುಣಿಯತೊಡಗಿದ ಕೂಡಲೆ ಕ್ಯಾಮೆರಾ ಇಳಿಸಿದರಂತೆ. ಒಂದೊಂದು ಕನ್ನಡಿಯೂ ಮಿಂಚುತ್ತದೆ, ಒಂದೊಂದು ಮಿಂಚಿಗೂ ಜಾಗ ಬೇಕು. "ನಿಂತು ಹಾಡ್ರಿ" ಎಂದರಂತೆ. ಆ ಹೆಂಗಸರು ಅವರನ್ನೇ ನಡುವೆ ನಿಲ್ಲಿಸಿ ಸುತ್ತಲೂ ಕುಣಿದರಂತೆ. ಅವರ ಬಗೆಗಿನ ಕತೆಗಳಲ್ಲಿ ನನಗೆ ಖುಷಿ ಕೊಟ್ಟದ್ದು ಇದೊಂದೇ.

ಇನ್ನು ಗಿರಾಕಿಗಳ ವಿಷಯ. ನಮ್ಮ ಜನರನ್ನು ನೆನೆದರೂ ಹೇಸಿಗೆಯಾಗುತ್ತದೆ, ಅವರಲ್ಲಿ ನಾನೂ ಒಬ್ಬಳಾದ್ದರಿಂದ ಇನ್ನಷ್ಟು. ಸೀಡಿ ಬಂದು ಎರಡು ವರ್ಷವಾಗಿತ್ತೋ ಇಲ್ಲವೋ, ಅದಕ್ಕೂ ಒಂದು ಮಡಿ-ಮೈಲಿಗೆ ಹುಟ್ಟಿಕೊಂಡಿತು. ಮದುವೆ ಒಂದೇ ಸೀಡಿಯಲ್ಲಿರಬೇಕು. ಎರಡಾದರೆ ಮದುವೆಯನ್ನು ಎರಡು ತುಂಡು ಮಾಡಿದಂತೆ. ತಾಳಿ ಒಂದರಲ್ಲಿ, ಸಪ್ತಪದಿ ಇನ್ನೊಂದರಲ್ಲಿ ಹೋದರೆ ಅಪಶಕುನ. ಇದನ್ನು ಯಾರು ಶುರು ಮಾಡಿದರೋ, ಎಲ್ಲ ಜಾತಿಯವರೂ ಪೈಪೋಟಿಯ ಮೇಲೆ ಪಾಲಿಸಿದರು. "ಮದಿವಿ ಮೂರು ದಿನ ಮಾಡ್ತೀರಿ, ಸೀಡಿ ಒಂದೇ ಬೇಕಂತೀರಿ, ದಿಮಾಕ್ ಅದ ಏನ್ರೀ" ಎಂದು ಅವರು ಗಿರಾಕಿಗಳನ್ನು ಮುಖದ ಮೇಲೇ ಬೈಯುತ್ತಿದ್ದರು. ಬೈದು, ಕೇಳಿದ್ದನ್ನೇ ಮಾಡಿಕೊಡುತ್ತಿದ್ದರು.

ನನ್ನ ತಂಗಿ ಸುಧಾಳ ಮದುವೆಯನ್ನೂ ಅವರೇ ಹಿಡಿದದ್ದು. ಸುಧಾಳಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಅಪ್ಪ ನಮ್ಮ ತಾಲೂಕಿನದೇ ಮುಧೋಳದ ಪ್ರೈಮರಿ ಶಾಲೆಯಲ್ಲಿ ಮಾಸ್ತರರಾಗಿದ್ದರು. ಕಿವುಡು ಮಕ್ಕಳ ಶಾಲೆ ನಮ್ಮ ಕೈಗೆಟುಕುವ ದೂರದಲ್ಲಿರಲಿಲ್ಲ. ಅಪ್ಪ ತಾವೇ ಅವಳಿಗೆ ಓದು ಬರಹ ಕಲಿಸಿದರು, ತಾವೇ ಒಂದು ಭಾಷೆ ಕಟ್ಟಿದರು. ಕೈಯದು, ಮನೆಯದು, ನಾವು ನಾಲ್ವರನ್ನು ಬಿಟ್ಟರೆ ಯಾರಿಗೂ ತಿಳಿಯದ್ದು. ಕೆನ್ನೆಗೆ ಅಂಗೈ ಇಟ್ಟರೆ ಅಮ್ಮ. ತನ್ನ ಕಿವಿ ತಾನೇ ಹಿಂಡಿಕೊಂಡರೆ ನಾನು, ಅಂದರೆ ಬೈಯುವ ಅಕ್ಕ. ಅಂಗೈಯನ್ನು ಗಾಳಿಯಲ್ಲಿ ಕೆಳಗೆ ಒತ್ತಿದರೆ ಸುಮ್ಮನಿರು. ಎರಡು ಬೆರಳು ಮುಂದಕ್ಕೆ ಹಾರಿಸಿದರೆ ಆಮೇಲೆ. ನೈವೇದ್ಯಕ್ಕೆ ಮೊದಲೇ ಹೋಳಿಗೆಯ ಕಡೆ ಕೈ ಚಾಚಿದಾಗಲೆಲ್ಲ ಅವಳಿಗೆ ಸಿಗುತ್ತಿದ್ದ ಸನ್ನೆ ಅದು. ಅಪ್ಪನ ಬೆರಳುಗಳು ಸೀಮೆಸುಣ್ಣ ಹಿಡಿದು ಹಿಡಿದು ಬೆಳ್ಳಗಾಗಿದ್ದವು, ಚುರುಕಾಗಿದ್ದವು. ಅವರಿಬ್ಬರೂ ಎದುರುಬದುರು ಕೂತು ಮಾತಾಡುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅವಳಿಗೆ ಸಂಬಂಧ ಕೂಡಿಬರಲು ವರ್ಷಗಳೇ ಹಿಡಿದವು. ಕೊನೆಗೆ ಶಹಾಬಾದಿನಲ್ಲಿ ಪರಸಿ ಕಲ್ಲಿನ ಆಫೀಸಿನ ಗುಮಾಸ್ತನೊಬ್ಬ ಒಪ್ಪಿದ, ಒಳ್ಳೆಯ ಹುಡುಗ. ಹಾಗಾಗಿ ಆ ಮದುವೆಯಲ್ಲಿ ಎಲ್ಲರಿಗೂ ಭಯ. ಏನೊಂದೂ ಕೊರತೆಯಾಗಬಾರದು, ಅಪಶಕುನವಂತೂ ಆಗಲೇಬಾರದು. ಮದುವೆಯಾಗಿ ವಾರಕ್ಕೆ ನಾನು ಮತ್ತು ಸೋದರತ್ತೆ ವಾಡಿಗೆ ಹೋದೆವು. ಅವರು ಸ್ಟೂಲು ತೋರಿಸಿದರು. ನಾವು ನಿಂತೇ ಇದ್ದೆವು.

"ಪೂರಾ ಮೂರು ತಾಸು ಅದ ಅಕ್ಕೋರೆ. ಮೂರು ಸೀಡಿ ಮಾಡ್ರಿ. ಸಾಫ್ ಬರ್ತದ."

"ಮದಿವಿ ಮೂರು ತುಣುಕು ಮಾಡ್ತೀರೇನು?" ಎಂದು ಅತ್ತೆ ಹೌಹಾರಿದರು. "ಆ ಕೂಸಿನ ನಸೀಬ ಮೊದಲೇ ಹಂಗ ಅದ. ಒಂದರಾಗೇ ಹಾಕ್ರಿ."

"ಒಂದರಾಗೇ ಬೇಕಂದ್ರ ಹೊಸಾ ಪದ್ಧತಿ ಅದ. ಚಂದ ಬರ್ತದ. ಮನ್ಯಾಗಿನ ಪ್ಲೇಯರಿನಾಗ ನಡಿಯಂಗಿಲ್ಲ, ಕಂಪ್ಯೂಟರಿನಾಗ ನೋಡಬೇಕು."

"ಕಂಪ್ಯೂಟರ್ ಎಲ್ಲಿ ತರೋಣ? ಬೀಗರ ಮನ್ಯಾಗ ಹಾಕಿ ತೋರಿಸೋದು ಬ್ಯಾಡೇನು?"

ಅವರು ನನ್ನ ಕಡೆ ತಿರುಗಿದರು. "ಅಕ್ಕೋರೆ, ನೀವಾರ ಹೇಳ್ರಿ. ನೀವು ಓದಿದವರು. ಮೂರು ತಾಸು ಹಳೇ ಪದ್ಧತಿಲೆ ಒಂದರಾಗ ಒತ್ತಿದ್ರ ಅಲುಗಾಡೋದೆಲ್ಲ ಹೋಗ್ತದ. ನಾ ಹೇಳಿಲ್ಲ ಅನಬ್ಯಾಡ್ರಿ."

ಎಂಟನೇ ತರಗತಿಗೆ ವಿಜ್ಞಾನ ಹೇಳುವ ನಾನು ಆಗ ಏನು ಹೇಳಿದೆ? ಡಬ್ಬಿಯಿಂದ ಬರುತ್ತಿದ್ದ ವಾಸನೆಗೆ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದೆ. ಬೇಗ ಹೊರಗೆ ಹೋದರೆ ಸಾಕಿತ್ತು. "ಏನಾರ ಮಾಡ್ರಿ, ಒಂದೇ ಸೀಡಿ ಆಗಬೇಕು" ಎಂದೆ. ಮೆಟ್ಟಿಲು ಇಳಿಯುವಾಗ ಅವರು ಹಿಂದಿನಿಂದ ಕೇಳಿದರು, "ಕ್ಯಾಸೆಟ್ ಒಯ್ಯತೀರೇನು? ಇಲ್ಲಂದ್ರ ಅದರ ಮ್ಯಾಲ ಮುಂದಿನ ಮದಿವಿ ಹಿಡೀತೀನಿ." ಮನೆಯಲ್ಲಿ ವಿಸಿಆರ್ ಇರಲಿಲ್ಲ. "ಅದನ್ನೇನು ಮಾಡೋಣ, ಇಲಿ ಕಡೀತಾವ, ನೀವೇ ಇಟ್ಟುಕೊಳ್ರಿ" ಎಂದೆ. ತಿರುಗಿ ಕೂಡ ನೋಡಲಿಲ್ಲ.

ಸೀಡಿ ಬಂತು. ಹಂದರದ ಹಿಂದಿನ ಪರದೆಯ ಮೇಲೆ ಬರೆದ ನವಿಲು ಗರಿ ಗರಿಯಾಗಿ ಕಾಣುತ್ತಿತ್ತು. ಪ್ಲಾಸ್ಟಿಕ್ ಹೂವಿನ ಎಸಳು ಎಣಿಸಬಹುದಿತ್ತು. ಜನ ಮಾತ್ರ ನುಚ್ಚಿನ ಗಂಜಿ. ಮೊದಲಿಂದ ಕೊನೆಯವರೆಗೆ ಮಾತು, ಮಂತ್ರ ಯಾವುದೂ ಇಲ್ಲ. ಎಲ್ಲದರ ಮೇಲೂ ಸಿನಿಮಾ ಹಾಡು ಸುರಿದಿದ್ದರು. ಎಲ್ಲರ ಮದುವೆಗೂ ಹಾಗೇ ಮಾಡುತ್ತಿದ್ದರು, ಜನರೂ ಅದನ್ನೇ ಬಯಸುತ್ತಿದ್ದರು. ಬೀಗರ ಮನೆಯಲ್ಲಿ ಹಾಕಿ ತೋರಿಸಿದೆವು. ಎಲ್ಲರೂ ಚಂದ ಬಂದದ ಎಂದರು.

ಮರುವರ್ಷ ಅಪ್ಪ ಹೋದರು. ಶಾಲೆಯಿಂದ ಬಂದು ಕೈಕಾಲು ತೊಳೆದು ಕೂತವರು ಏಳಲಿಲ್ಲ.

ಹದಿಮೂರನೆಯ ದಿನದ ಕೆಲಸ ಮುಗಿದ ಮೇಲೆ ಸುಧಾ ಸೀಡಿ ಹಾಕು ಎಂದು ಸನ್ನೆ ಮಾಡಿದಳು. ಕೊನೆಯಲ್ಲಿ ಹೆಣ್ಣನ್ನು ಒಪ್ಪಿಸಿಕೊಡುವ ಭಾಗಕ್ಕೆ ಹೋಗು ಎಂದಳು. ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತಳು. ಪರದೆಯ ಮೇಲೆ ಅಪ್ಪ ಅವಳ ಎದುರು ನಿಂತಿದ್ದಾರೆ. ಅವಳು ತಲೆ ತಗ್ಗಿಸಿ ಅಳುತ್ತಿದ್ದಾಳೆ. ಅಪ್ಪನ ಕೈಗಳು ಮೇಲೇಳುತ್ತವೆ, ಏನೋ ಹೇಳುತ್ತವೆ, ಇಳಿಯುತ್ತವೆ. ಅವಳು ತಲೆಯೆತ್ತುವುದು ಅದಾದ ಮೇಲೆ.

ಅಪ್ಪ ಏನೋ ಹೇಳಿದ, ನಾನು ನೋಡಲಿಲ್ಲ, ನೀನು ನೋಡಿ ಹೇಳು ಎಂದಳು. ನಾನು ಆ ದಿನ ಅಪ್ಪನ ಹಿಂದೆ ನಿಂತಿದ್ದೆ, ನನಗೂ ಕಂಡಿರಲಿಲ್ಲ. ಪರದೆಯಲ್ಲಿ ಮಣಿಕಟ್ಟಿನಿಂದ ಮುಂದಕ್ಕೆ ಕೈಯೇ ಇರಲಿಲ್ಲ. ನಾಲ್ಕೈದು ಕಂದು ಚೌಕಗಳು ಮೇಲೆದ್ದು ಕಲಸಿಹೋಗಿ ಕೆಳಗಿಳಿಯುತ್ತಿದ್ದವು. ಹಿಂದೆ ನವಿಲು ಮಾತ್ರ ಕಣ್ಣು ಬಿಟ್ಟು ನೋಡುತ್ತಿತ್ತು. ಅವಳು ಬೆರಳಿನಿಂದ ಪರದೆ ಉಜ್ಜಿದಳು. ಅಲ್ಲಿ ಏನೋ ಮೆತ್ತಿಕೊಂಡಿದೆ, ಒರೆಸಿದರೆ ಹೋದೀತು ಅನ್ನುವ ಹಾಗೆ. ಮತ್ತೆ ಹಾಕಿಸಿದಳು, ಮತ್ತೆ ಹಾಕಿಸಿದಳು. ಕಿವಿ ಕೇಳುವವರಿಗೆ ಒಂದು ದನಿಯಾದರೂ ನೆನಪಿನಲ್ಲಿ ಉಳಿಯುತ್ತದೆ. ಅವಳಿಗಿದ್ದದ್ದು ಅಪ್ಪನ ಕೈ ಒಂದೇ.

ಮರುದಿನ ವಾಡಿಗೆ ಹೋದೆ. ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ವಿಷಯ ಹೇಳಿದೆ.

"ಆ ಕ್ಯಾಸೆಟ್ಟಿನ ಮ್ಯಾಲ ಆಗಲೇ ಮೂರು ಮದಿವಿ ಆಗ್ಯಾವ ಅಕ್ಕೋರೆ."

"ಸೀಡಿ ಇದೇ ಅದ ಅಲ್ರಿ ಅಣ್ಣಾರ. ಇದನ್ನೇ ಏನಾರ ಮಾಡಿ ಸಾಫ್ ಮಾಡಿಕೊಡ್ರಿ. ಕೈ ಕಂಡ್ರ ಸಾಕು."

"ಬಿಟ್ಟಿದ್ದು ಬಿಟ್ಟಂಗೇ. ಇಲ್ಲದ್ದು ಎಲ್ಲಿಂದ ತರ್ಲಿ? ನಾ ಅವತ್ತೇ ಹೇಳಿದ್ದೆ. ನೀವೇ ಒಂದು ಸೀಡಿ ಅಂದ್ರಿ. ಕ್ಯಾಸೆಟ್ ಬ್ಯಾಡ ಅಂದವರೂ ನೀವೇ" ಎಂದು ಡಬ್ಬಿಗೆ ಉಗುಳಿದರು.

ಹೇಳಿದ್ದು ಅಕ್ಷರಶಃ ನಿಜ. ಅದಕ್ಕೇ ನನಗೆ ತಡೆಯಲಾಗಲಿಲ್ಲ. "ಥೂ, ನಿಮ್ಮ ಎಂಜಲು ಹಚ್ಚಿ ನಮ್ಮ ಅಪ್ಪನ ಕೈ ಒರಿಸಿಬಿಟ್ರಿ" ಎಂದು ಎಲ್ಲರೆದುರು ಕಿರುಚಿದೆ. ಅವರು ಟವೆಲ್ಲಿನಿಂದ ಹೆಬ್ಬೆರಳು ಒರೆಸಿಕೊಂಡರು. ಇನ್ನು ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿ ಬಂದೆ, ಹತ್ತಲೂ ಇಲ್ಲ. ಆರು ವರ್ಷ. ವಾಡಿಯಲ್ಲಿ ರೈಲು ಬದಲಿಸುವಾಗ ಅವರು ಪ್ಲಾಟ್‌ಫಾರ್ಮಿನ ಮೇಲೆ ಕಂಡರೆ ಮುಖ ತಿರುಗಿಸುತ್ತಿದ್ದೆ. ಅವರೂ ನೋಡುತ್ತಿದ್ದರು, ಏನೋ ಹೇಳುವವರಂತೆ ಗದ್ದ ಎತ್ತುತ್ತಿದ್ದರು, ಆಮೇಲೆ ಹಳಿಗಳ ಮೇಲೆ ಉಗುಳಿ ಆ ಕಡೆ ತಿರುಗುತ್ತಿದ್ದರು. ನನ್ನನ್ನು ಅಣಕಿಸಲಿಕ್ಕೇ ಹಾಗೆ ಮಾಡುತ್ತಾರೆ ಎಂದುಕೊಂಡಿದ್ದೆ.

ಈಗ ಆ ಸಭೆಯ ದಿನಕ್ಕೆ ಬರುತ್ತೇನೆ. ಜನ ಹೋದ ಮೇಲೆ ಅವರ ಹೆಂಡತಿ ನನ್ನನ್ನು ಅಂಗಡಿಯೊಳಗೆ ಕರೆದೊಯ್ದರು. ಡಬ್ಬಿ ಅಲ್ಲೇ ಇತ್ತು. ಕಪಾಟಿನಿಂದ ಒಂದು ಕ್ಯಾಸೆಟ್ ತೆಗೆದು ಕೊಟ್ಟರು. ಪೆಟ್ಟಿಗೆಯ ಮೇಲೆ ನಮ್ಮ ಮನೆತನದ ಹೆಸರು, ಅದನ್ನು ಹೊಡೆದು ಇನ್ನೊಬ್ಬರದು, ಅದನ್ನೂ ಹೊಡೆದು ಮತ್ತಿಬ್ಬರದು. ಒಳಗೆ ಅವರ ಕೈಬರಹದ ಚೀಟಿ. "ಸೇಡಂ ಟೀಚರ್. ಇವರದು ಕೊನಿಗಿ ಉಳದದ. ಬಂದ್ರ ಕೊಡೋದು."

ನನಗೆ ಮೊದಲು ಅರ್ಥವಾಗಲಿಲ್ಲ. ಆ ತಾಯಿ ಹೇಳಿದರು. "ನೀವು ಬೈದು ಹೋದ ದಿನಾನೇ ಹಾಕಿ ನೋಡಿದ್ರು ರೀ. ನಿಮ್ಮದು ಕ್ಯಾಸೆಟ್ ಮುಗಿಯೋತನಕ ಇತ್ತಂತ, ಆಮ್ಯಾಲಿನ ಮದಿವಿ ಸಣ್ಣವಂತ. ಕೊನೀದು ಎಂಟು ನಿಮಿಷ ಹಂಗೇ ಉಳದಿತ್ತು. ಇದರ ಮ್ಯಾಲ ಇನ್ನ ಏನೂ ಹಿಡಿಯಂಗಿಲ್ಲ ಅಂತ ತೆಗದಿಟ್ರು."

"ಮತ್ತ ನನಗ ಯಾಕ ಹೇಳಲಿಲ್ರಿ?"

ಅವರು ಸೆರಗಿನ ತುದಿ ತಿರುವಿದರು. "ಫೋನ್ ಮಾಡ್ರಿ ಅಂತ ನಾ ಭಾಳ ಸಲ ಅಂದೆ. 'ಎಲ್ಲಾರ ಮುಂದ ಎಂಜಲಾ ಅಂದಾಳ. ಬೇಕಂದ್ರ ಬರ್ತಾಳ' ಅಂದ್ರು. ನೀವು ಬರಲೇ ಇಲ್ಲ."

ಆರು ವರ್ಷ! ಎಂಟು ನಿಮಿಷದ ಅಪ್ಪನನ್ನು ಕಪಾಟಿನಲ್ಲಿ ಬೀಗ ಹಾಕಿಟ್ಟುಕೊಂಡು ಆ ಮನುಷ್ಯ ಪ್ಲಾಟ್‌ಫಾರ್ಮಿನ ಮೇಲೆ ನನ್ನ ಎದುರು ಉಗುಳುತ್ತಿದ್ದ. ಇಲ್ಲಿಯವರೆಗೆ ಬಹುವಚನದಲ್ಲಿ ಬರೆದುಕೊಂಡು ಬಂದಿದ್ದೇನೆ, ಈ ಒಂದು ಸಾಲಿನಲ್ಲಿ ಆಗಲಿಲ್ಲ. ನಾನಾದರೂ ಎಂಥವಳು? ಒಂದು ಸಲ ಹೋಗಿ ಕೊನೆಗೇನಾದರೂ ಉಳಿದಿದೆಯೇ ನೋಡ್ರಿ ಎಂದು ಕೇಳಿದ್ದರೆ ಸಾಕಿತ್ತು. ನನಗೆ ನನ್ನ ಸೆರಗು, ನನ್ನ ಮೂಗು, ನನ್ನ ಮಾತು ಹೆಚ್ಚಾದವು. ಅವರನ್ನು ನೆನೆದಾಗ ಬರುವ ಓಕರಿಕೆ ನನ್ನನ್ನು ನೆನೆದಾಗಲೂ ಬರುತ್ತದೆ, ಈಗಲೂ.

ಸುಧಾಳಿಗೆ ಮೊಬೈಲಿನಲ್ಲಿ ಮೆಸೇಜ್ ಕಳಿಸಿದೆ. ಅಪ್ಪನ ಕ್ಯಾಸೆಟ್ ಸಿಕ್ಕಿದೆ, ವಾಡಿಗೆ ಬಾ. ಮಧ್ಯಾಹ್ನದ ಪ್ಯಾಸೆಂಜರಿಗೆ ಶಹಾಬಾದಿನಿಂದ ಬಂದಳು. ತನ್ನ ಕೂಸನ್ನು ಗಂಡನ ತಾಯಿಯ ಹತ್ತಿರ ಬಿಟ್ಟು, ಕೈಗೆ ಹಚ್ಚಿಕೊಂಡ ಹಿಟ್ಟನ್ನು ಸರಿಯಾಗಿ ತೊಳೆಯದೆ ಬಂದಿದ್ದಳು. ಅಂಗಡಿಯ ಹಳೆಯ ವಿಸಿಆರಿಗೆ ಕ್ಯಾಸೆಟ್ ಹಾಕಿದೆವು. ಉಗುಳುವ ಡಬ್ಬಿಯ ಪಕ್ಕದ ಸ್ಟೂಲಿನ ಮೇಲೆ ನಾನು ಕೂತೆ, ಅವಳು ನೆಲದ ಮೇಲೆ.

ಮೊದಲು ಯಾರದೋ ಊಟದ ಪಂಕ್ತಿ. ಆಮೇಲೆ ಗೆರೆಗಳು, ಜರಜರ ಸದ್ದು. ಆಮೇಲೆ ಥಟ್ಟನೆ ನಮ್ಮ ಹಂದರ. ಇಲ್ಲಿ ಸಿನಿಮಾ ಹಾಡಿಲ್ಲ. ಜನರ ಗದ್ದಲ, ಅತ್ತೆಯ ಅಳು, ಎಲ್ಲೋ ಪಾತ್ರೆ ಬಿದ್ದ ಸಪ್ಪಳ. ಚಿತ್ರದ ಬಲಮೂಲೆಯಲ್ಲಿ ಒಂದು ಮಬ್ಬು ಸುತ್ತು, ಹೆಬ್ಬೆರಳಿನ ಗಾತ್ರದ್ದು. ಅವರ ಎಂಜಲಿನ ಕಲೆ. ಅದರ ಎಡಕ್ಕೆ ಅಪ್ಪ ನಿಂತಿದ್ದರು, ಸ್ಪಷ್ಟ. ತೋರುಬೆರಳಿನ ಸಂದಿಯಲ್ಲಿ ಹೋಗದೆ ಉಳಿದ ಸೀಮೆಸುಣ್ಣದ ಬಿಳುಪು ಕೂಡ ಕಾಣುತ್ತಿತ್ತು.

ಕ್ಯಾಮೆರಾದ ಹಿಂದಿನಿಂದ ಅವರ ಕೂಗು ಕೇಳಿಸಿತು. "ಅಲುಗಾಡಬ್ಯಾಡ್ರಿ! ಹೆಣ್ಣು ಭಾಳ ಅಲುಗಾಡ್ಲಿಕತ್ತದ, ಹೇಳ್ರಿ ಮಾಸ್ತರ!"

ಅಪ್ಪ ಕ್ಯಾಮೆರಾದ ಕಡೆ ಒಮ್ಮೆ ನೋಡಿದರು. ಯಾರ ಮಾತನ್ನೂ ತೆಗೆದುಹಾಕುವವರಲ್ಲ ಅವರು. ತಲೆ ತಗ್ಗಿಸಿ ಬಿಕ್ಕುತ್ತಿದ್ದ ಮಗಳ ಕಡೆ ತಿರುಗಿದರು. ಅಂಗೈಯನ್ನು ಗಾಳಿಯಲ್ಲಿ ಮೆಲ್ಲಗೆ ಕೆಳಗೆ ಒತ್ತಿದರು. ಬೆರಳನ್ನು ಕಣ್ಣಿನ ಕೆಳಗೆ ಎಳೆದುಕೊಂಡರು. ಎರಡು ಬೆರಳು ಮುಂದಕ್ಕೆ ಹಾರಿಸಿದರು.

ಸುಮ್ಮನಿರು. ಅಳುವುದು ಆಮೇಲೆ.

ಇಷ್ಟೇ. ಇಷ್ಟಕ್ಕೇ ಅವಳು ಆರು ವರ್ಷ ಕಾದಿದ್ದಳು. ಆಶೀರ್ವಾದವಲ್ಲ, ಬುದ್ಧಿಮಾತಲ್ಲ, ಆ ಮನುಷ್ಯನ ಹಾಳು ಕೂಗನ್ನೇ ಅಪ್ಪ ಕೈಯಲ್ಲಿ ದಾಟಿಸಿದ್ದರು. ನನಗೆ ರೋಸಿಹೋಯಿತು. ಟಿವಿ ಆರಿಸಲು ಎದ್ದೆ. ಸುಧಾ ನನ್ನ ಕಡೆ ನೋಡದೆಯೇ ಅಂಗೈಯನ್ನು ಗಾಳಿಯಲ್ಲಿ ಕೆಳಗೆ ಒತ್ತಿದಳು. ನಾನು ಕೂತೆ.

ಅವಳು ಕದಲಲಿಲ್ಲ. ರೆಪ್ಪೆ ಕೂಡ ಅಲುಗಾಡಿಸಲಿಲ್ಲ. ಪರದೆಯ ಮೇಲೆ ಕಾರಿನ ಬಾಗಿಲು ಹಾಕಿಕೊಂಡಿತು, ಅಪ್ಪ ಕೈ ಬೀಸಿದರು, ಅಂಗಳ ಖಾಲಿಯಾಯಿತು. ಟೇಪು ಕೊನೆ ಮುಟ್ಟಿತು, ಟಿವಿ ನೀಲಿಯಾಯಿತು, ವಿಸಿಆರ್ ತಾನಾಗಿ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತತೊಡಗಿತು. ಆಗ ಅತ್ತಳು.